ಗೃಹಾರೋಗ್ಯ: ಎಳೆಗೂಸಿನ ಅಪಸ್ಮಾರವೂ ಮನೆಯವರ ಕರ್ತವ್ಯವೂ

ತೊಟ್ಟಿಲಲ್ಲಿ ನಗುತ್ತಿದ್ದ ಕೂಸು ಒಮ್ಮಿಂದೊಮ್ಮೆಲೆ ಕಣ್ಣು ಮೇಲಕ್ಕೆ ಸಿಕ್ಕಿಸಿ ಕೈಕಾಲು ಸೆಟೆಯಿತೆಂದರೆ ಆ ಮನೆಯ ಮೇಲೆ ಸಿಡಿಲೆರಗಿದಂತಾಗುವುದು. ವೈದ್ಯರು ಪರೀಕ್ಷಿಸಿ, “ಇದು ಅಪಸ್ಮಾರವು; ಔಷಧವನ್ನು ಬಹುಕಾಲ ಬಿಡದೆ ಕೊಡಬೇಕಾಗುವುದು” ಎಂದು ಹೇಳಿದಾಗಲಂತೂ ತಾಯಿತಂದೆಗಳ ಧೈರ್ಯವೆಲ್ಲ ಉಡುಗಿಹೋಗುವುದು. ಬಾಗಲಕೋಟೆಯ ನವನಗರದ ಮನೆಯಾಗಲಿ, ಬಾದಾಮಿಯ ಬೆಟ್ಟದ ಬುಡದ ಮನೆಯಾಗಲಿ, ಹುನಗುಂದದ ಒಕ್ಕಲುತನದ ಮನೆಯಾಗಲಿ, ಇಳಕಲ್ಲಿನ ನೇಕಾರರ ಓಣಿಯಾಗಲಿ, ಅಲ್ಲಿ ಏಳುವ ಪ್ರಶ್ನೆಗಳು ಎರಡೇ. “ಇದು ಯಾರ ತಪ್ಪಿನಿಂದ ಬಂದಿತು?” ಎಂಬುದು ಮೊದಲನೆಯದು. “ಈ ಬಾಟಲಿಯ ಔಷಧವನ್ನು ಎಂದು ಬಿಡಬಹುದು?” ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯಿಂದ ಮನೆ ಒಡೆಯುವುದು. ಎರಡನೆಯದನ್ನು ಮನೆಯವರೇ ತೀರ್ಮಾನಿಸಿಕೊಂಡರೆ ಕೂಸಿಗೆ ಅಪಾಯವಾಗುವುದು. ಆದುದರಿಂದ ಈ ತಿಂಗಳ ಅಂಕಣದಲ್ಲಿ ಈ ವಿಷಯವನ್ನೇ ವಾಚಕರ ಮುಂದಿಡುವೆವು.

ನಮ್ಮ ಕಡೆ ಈ ಬೇನೆಗೆ ಹೆಸರುಗಳು ಹಲವು. ದೊಡ್ಡವರಿಗೆ ಬಂದರೆ ಮೂರ್ಛೆರೋಗವೆಂದೂ ಫಿಟ್ಸ್ ಎಂದೂ ಅನ್ನುವರು. ಕೂಸಿಗೆ ಬಂದರೆ ಬಾಲಗ್ರಹವೆಂದು ಹೇಳಿ ಗ್ರಹಬಾಧೆಯ ಲೆಕ್ಕಕ್ಕೆ ಸೇರಿಸಿಬಿಡುವರು. ಆದರೆ ನಮ್ಮ ಪ್ರಾಚೀನರೂ ಇದನ್ನು ದೇಹದ ವ್ಯಾಧಿಯೆಂದೇ ಎಣಿಸಿದ್ದರು. ಚರಕಸಂಹಿತೆಯಲ್ಲಿ ಅಪಸ್ಮಾರಕ್ಕೆ ಬೇರೆ ಅಧ್ಯಾಯಗಳೇ ಇದ್ದು, ವಾತ, ಪಿತ್ತ, ಕಫ ಹಾಗೂ ಸನ್ನಿಪಾತಗಳಿಂದ ಅದು ನಾಲ್ಕು ವಿಧವೆಂದು ಹೇಳಿದೆ. ಯವನದೇಶದ ಹಿಪಾಕ್ರಟೀಸನ ಸಂಪ್ರದಾಯದ ವೈದ್ಯರೂ, ಇದು ಉಳಿದ ರೋಗಗಳಿಗಿಂತ ಹೆಚ್ಚು ದೈವಿಕವಾದುದಲ್ಲವೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿಟ್ಟರು.

ಇಂದಿನ ವೈದ್ಯಶಾಸ್ತ್ರವು ಹೇಳುವುದಿಷ್ಟು. ನಮ್ಮ ಮಿದುಳಿನ ಕಣಗಳು ಅತಿ ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಈ ವ್ಯವಹಾರವು ಕ್ಷಣಕಾಲ ಹತೋಟಿ ತಪ್ಪಿ ಬಹು ಕಣಗಳು ಏಕಕಾಲಕ್ಕೆ ಕೆರಳಿದರೆ, ಅದೇ ಸೆಳವು. ಬೇರೆ ತಾತ್ಕಾಲಿಕ ಕಾರಣವಿಲ್ಲದೆ ಸೆಳವು ಮತ್ತೆ ಮತ್ತೆ ಬರುವಂತಿದ್ದರೆ ಅದಕ್ಕೆ ಅಪಸ್ಮಾರವೆಂದು ಹೆಸರು. ಇದು ಮುಟ್ಟಿದರೆ ಅಂಟುವುದಲ್ಲ, ಎಂಜಲಿನಿಂದ ಬರುವುದಲ್ಲ, ದೃಷ್ಟಿ ತಾಗಿ ಬರುವುದೂ ಅಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಜ್ವರ ಏರಿದಾಗ ಬರುವ ಸೆಳವು ಬಹುಮಟ್ಟಿಗೆ ಬೇರೆಯದೇ. ಅದೊಂದರಿಂದಲೇ ಅಪಸ್ಮಾರವೆಂದು ಹೇಳಲಾಗದು.

ಎಳೆಗೂಸಿನಲ್ಲಿ ಕಾರಣಗಳು ಅನೇಕ. ಹೆರಿಗೆಯ ಹೊತ್ತಿಗೆ ಉಸಿರು ಕಟ್ಟಿದುದು, ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ತೀರ ಇಳಿದುದು, ಮಿದುಳಿಗೆ ತಗಲಿದ ಸೋಂಕು, ಗರ್ಭದಲ್ಲಿಯೇ ಮಿದುಳು ಬೆಳೆದ ರೀತಿಯಲ್ಲಿಯ ವ್ಯತ್ಯಾಸ, ವಂಶವಾಹಿನಿಗಳಲ್ಲಿಯ ಬದಲಾವಣೆ, ಇವು ಮುಖ್ಯವಾದವುಗಳು. ಸುಣ್ಣದ ಅಂಶವು ರಕ್ತದಲ್ಲಿ ಕಡಿಮೆಯಾಗಿಯೂ ಸೆಳವು ಬರುವುದುಂಟು. ಅದನ್ನು ಕಂಡುಹಿಡಿದು ಸರಿಪಡಿಸಿದರೆ ಸೆಳವು ನಿಲ್ಲುವುದು. ಎಷ್ಟೋ ಕೂಸುಗಳಲ್ಲಿ ಎಷ್ಟು ಹುಡುಕಿದರೂ ಕಾರಣವು ಸಿಕ್ಕುವುದಿಲ್ಲ. ಬಸುರಿಯು ಗ್ರಹಣವನ್ನು ನೋಡಿದಳೆಂದಾಗಲಿ, ಬಾಣಂತಿಯು ಪಥ್ಯ ತಪ್ಪಿದಳೆಂದಾಗಲಿ ಈ ಬೇನೆ ಬರುವುದಿಲ್ಲ. ನಮ್ಮ ಸೀಮೆಯಲ್ಲಿ ಸೋದರಿಕೆಯ ಮದುವೆಗಳು ಹೆಚ್ಚು. ಅಂಥಲ್ಲಿ ವಂಶದಿಂದ ಬರುವ ಕೆಲವು ಬಗೆಯ ಅಪಸ್ಮಾರಗಳ ಸಂಭವವು ತುಸು ಹೆಚ್ಚೆಂಬುದು ನಿಜ. ಆದರೆ ಈ ಮಾತು ಮುಂದಿನ ಹೆರಿಗೆಗೆ ಮುನ್ನ ವೈದ್ಯರ ಸಲಹೆ ಕೇಳುವುದಕ್ಕೆ ಉಪಯೋಗವಾಗಬೇಕೇ ಹೊರತು, ಸೊಸೆಯ ತವರನ್ನು ಹಳಿಯುವುದಕ್ಕಲ್ಲ.

ಇನ್ನು ಲಕ್ಷಣಗಳ ಮಾತು. ಎಳೆಗೂಸಿನ ಸೆಳವು ಯಾವಾಗಲೂ ದೊಡ್ಡವರಂತೆ ಬಿದ್ದು ಒದ್ದಾಡುವ ರೂಪದಲ್ಲಿ ಇರುವುದಿಲ್ಲ. ಕಣ್ಣು ಒಂದೇ ಕಡೆಗೆ ನಿಲ್ಲುವುದು, ತುಟಿ ಚಪ್ಪರಿಸುವುದು, ಒಂದೇ ಕೈ ಲಯಬದ್ಧವಾಗಿ ಅದುರುವುದು, ಕ್ಷಣಕಾಲ ಉಸಿರು ನಿಂತು ಮುಖ ನೀಲಿಗಟ್ಟುವುದು, ಇವೂ ಸೆಳವುಗಳಾಗಿರಬಹುದು. ಇವುಗಳಲ್ಲಿ ಒಂದು ಬಗೆಯನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರತಕ್ಕದ್ದು. ಕೂಸು ನಿದ್ದೆಯಿಂದ ಎದ್ದ ಹೊತ್ತಿನಲ್ಲಿ ತಲೆಯನ್ನು ಮುಂದಕ್ಕೆ ಬಗ್ಗಿಸಿ, ಎರಡೂ ಕೈಗಳನ್ನು ಚಾಚಿ, ಸಲಾಮು ಮಾಡಿದಂತೆ ಬೆಚ್ಚುವುದು. ಎರಡು ಕ್ಷಣ ಬಿಟ್ಟು ಮತ್ತೆ ಬೆಚ್ಚುವುದು. ಹೀಗೆ ಹತ್ತು ಇಪ್ಪತ್ತು ಸಲ ಸಾಲಾಗಿ ನಡೆಯುವುದು. ನೋಡಿದವರು ಹೊಟ್ಟೆನೋವೆಂದೋ ಬೆದರಿಕೆಯೆಂದೋ ತಿಳಿದು ಸುಮ್ಮನಾಗುವರು. ದಿನ ಕಳೆದಂತೆ ಕೂಸು ನಗುವುದನ್ನೂ ಮುಖ ನೋಡುವುದನ್ನೂ ಬಿಡುತ್ತ ಬರುವುದು.

ಈ ಬಗೆಯ ಸೆಳವನ್ನು ಮೊದಲು ವಿವರವಾಗಿ ಬರೆದವನು ಒಬ್ಬ ತಂದೆಯೇ. ಇಂಗ್ಲೆಂಡಿನ ವಿಲಿಯಂ ಜೇಮ್ಸ್ ವೆಸ್ಟ್ ಎಂಬ ವೈದ್ಯನು ತನ್ನ ಸ್ವಂತ ಮಗನಿಗೆ ನಾಲ್ಕನೆಯ ತಿಂಗಳಿನಿಂದ ಹೀಗಾಗುತ್ತಿರುವುದನ್ನು ಕಂಡು, ತಾನು ಮಾಡಿದ ಉಪಚಾರಗಳೆಲ್ಲ ವ್ಯರ್ಥವಾದುವೆಂದೂ, ಬಲ್ಲವರು ಯಾರಾದರೂ ದಾರಿ ತೋರಿಸಬೇಕೆಂದೂ ೧೮೪೧ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಗೆ ಬರೆದುಕೊಂಡನು. ಅವನ ಕಾಲದಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ಇಂದು ಆ ಬೇನೆಗೆ ಅವನ ಹೆಸರೇ ನಿಂತಿದೆ; ಎ.ಸಿ.ಟಿ.ಎಚ್. ಎಂಬ ಚುಚ್ಚುಮದ್ದು, ಪ್ರೆಡ್ನಿಸೊಲೋನ್, ವಿಗಾಬಾಟ್ರಿನ್ ಎಂಬ ಔಷಧಗಳು ಅದಕ್ಕೆ ಉಂಟು. ಆದರೆ ಅವುಗಳನ್ನು ಬೇಗನೆ ಆರಂಭಿಸಿದಷ್ಟೂ ಕೂಸಿನ ಬುದ್ಧಿಯು ಉಳಿಯುವ ಸಂಭವ ಹೆಚ್ಚು. ಇಲ್ಲಿ ತಿಂಗಳುಗಟ್ಟಲೆ ಕಾಯುವಂತಿಲ್ಲ. ದಿನಗಳ ಲೆಕ್ಕದಲ್ಲಿ ವೈದ್ಯರನ್ನು ಕಾಣತಕ್ಕದ್ದು. ಇಂದು ಬಹುತೇಕ ಮನೆಗಳಲ್ಲಿ ಮೊಬೈಲು ಇರುವುದಷ್ಟೆ. ಅಂಥ ಚಲನೆ ಕಂಡಾಗ ಅದರಲ್ಲಿ ಚಿತ್ರ ತೆಗೆದು ವೈದ್ಯರಿಗೆ ತೋರಿಸಿದರೆ, ಬಾಯಿಂದ ಅರ್ಧ ತಾಸು ವರ್ಣಿಸುವುದಕ್ಕಿಂತ ಅದು ಹೆಚ್ಚಿನ ಕೆಲಸ ಮಾಡುವುದು.

ವೈದ್ಯರು ಇ.ಇ.ಜಿ. ಎಂಬ ಪರೀಕ್ಷೆಯನ್ನು ಬರೆದುಕೊಟ್ಟರೆ ಹೆದರಬೇಕಾದುದಿಲ್ಲ. ಜರ್ಮನಿಯ ಹಾನ್ಸ್ ಬರ್ಗರ್ ಎಂಬವನು ೧೯೨೯ರಲ್ಲಿ ಲೋಕಕ್ಕೆ ತಿಳಿಸಿದ ಈ ಉಪಾಯದಿಂದ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಗೆರೆಗಳಾಗಿ ಬರೆದುಕೊಳ್ಳುವರು. ತಲೆಗೆ ತಂತಿ ಅಂಟಿಸುವರೇ ಹೊರತು ಕೂಸಿಗೆ ವಿದ್ಯುತ್ತು ಹಾಯಿಸುವುದಿಲ್ಲ, ನೋವೂ ಇಲ್ಲ. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಕರೆದೊಯ್ಯಬೇಕು. ಪರೀಕ್ಷೆಯ ಹೊತ್ತಿಗೆ ಕೂಸು ನಿದ್ದೆ ಮಾಡಿದರೆ ಉತ್ತಮ. ಆದುದರಿಂದ ಮಲಗಿಸುವ ಹೊತ್ತನ್ನೂ ಹಾಲೂಡಿಸುವ ಹೊತ್ತನ್ನೂ ಮೊದಲೇ ಕೇಳಿಕೊಂಡಿರಬೇಕು.

ಈಗ ಮುಖ್ಯವಾದ ಮಾತಿಗೆ, ಎಂದರೆ ಔಷಧಕ್ಕೆ ಬರುವೆವು. ಫಿನೋಬಾರ್ಬಿಟೋನ್ ಎಂಬುದು ೧೯೧೨ರಿಂದ ಬಳಕೆಯಲ್ಲಿದೆ. ಫೆನಿಟಾಯಿನ್ ೧೯೩೮ರಲ್ಲಿ ಬಂದಿತು. ಸೋಡಿಯಂ ವಾಲ್ಪ್ರೋಯೇಟ್, ಲೆವೆಟಿರಾಸಿಟಾಮ್ ಮೊದಲಾದುವು ಆಮೇಲೆ ಬಂದುವು. ಯಾವ ಕೂಸಿಗೆ ಯಾವುದು, ಎಷ್ಟು ಎಂಬುದನ್ನು ಸೆಳವಿನ ಬಗೆ, ವಯಸ್ಸು ಮತ್ತು ತೂಕವನ್ನು ನೋಡಿ ವೈದ್ಯರೇ ನಿರ್ಧರಿಸಬೇಕು. ಅಕ್ಕಪಕ್ಕದ ಮನೆಯ ಮಗುವಿಗೆ ಗುಣ ಬಂದಿತೆಂದು ಅದೇ ಔಷಧವನ್ನು ತರುವುದು ತಪ್ಪು. ಆದರೆ ಯಾವ ಔಷಧವಾದರೂ ತನ್ನ ಕೆಲಸ ಮಾಡುವುದು ರಕ್ತದಲ್ಲಿ ಅದರ ಪ್ರಮಾಣವು ಹಗಲಿರುಳು ಒಂದೇ ಮಟ್ಟದಲ್ಲಿ ನಿಂತಾಗ ಮಾತ್ರ. ವೈದ್ಯರು ಒಂದು ಚೀಟಿಯಲ್ಲಿ ಬರೆದುಕೊಟ್ಟುದನ್ನು ಮನೆಯವರು ದಿನವೂ ನಡೆಸಬೇಕಾಗಿದೆ. ಇಳಕಲ್ಲ ಸೀರೆಯ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ನೇಕಾರರಿಗೆ ಈ ಮಾತು ಬೇಗನೆ ತಿಳಿದೀತು: ನಡುವೆ ಬಿಟ್ಟ ಎಳೆಯು ಎಂದಾದರೊಂದು ದಿನ ತೋರಿಯೇ ತೀರುವುದು.

ಆದುದರಿಂದ ಕೆಲವು ನಿಯಮಗಳನ್ನು ಹೇಳುವೆವು. ಇವುಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಹಚ್ಚಿಡಬಹುದು.

ಒಂದನೆಯದು: ಹೊತ್ತು ಗೊತ್ತುಮಾಡಿಕೊಳ್ಳಿರಿ. ದಿನಕ್ಕೆ ಎರಡು ಸಲವೆಂದರೆ ಮುಂಜಾನೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಎಂಬಂತೆ ಸರಿಯಾದ ಅಂತರವಿರಲಿ. ಕೊಟ್ಟ ಕೂಡಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ತುಂಬಿದ ಮನೆಯಲ್ಲಿ ಅತ್ತೆ ಕೊಟ್ಟಳೆಂದು ಸೊಸೆಯೂ, ಸೊಸೆ ಕೊಟ್ಟಳೆಂದು ಅತ್ತೆಯೂ ಸುಮ್ಮನಿರುವುದುಂಟು. ಇಲ್ಲವೆ ಇಬ್ಬರೂ ಕೊಡುವುದುಂಟು. ಗುರುತು ಇದ್ದರೆ ಎರಡೂ ತಪ್ಪುವುವು.

ಎರಡನೆಯದು: ಅಡಿಗೆಮನೆಯ ಚಮಚೆಯಿಂದ ಅಳೆಯಬೇಡಿರಿ. ಒಂದು ಚಮಚೆಯಂತೆ ಇನ್ನೊಂದು ಇರುವುದಿಲ್ಲ. ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು, ಕೂಸಿನ ತಲೆಯನ್ನು ತುಸು ಎತ್ತಿ ಹಿಡಿದು, ಕೆನ್ನೆಯ ಒಳಬದಿಗೆ ಮೆಲ್ಲಮೆಲ್ಲನೆ ಬಿಡಿರಿ. ಅಲುಗಾಡಿಸಿ ಕೊಡತಕ್ಕ ಔಷಧವಾದರೆ ಪ್ರತಿಸಲವೂ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿರಿ. ಇಲ್ಲವಾದರೆ ಮೇಲೆ ನೀರೂ ತಳದಲ್ಲಿ ಔಷಧವೂ ಉಳಿಯುವುದು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪದಲ್ಲಿ ಕಲಸಿ ಯಾವುದನ್ನೂ ಕೊಡಬಾರದು.

ಮೂರನೆಯದು: ಹೊಸ ಬಾಟಲಿ ತಂದಾಗ ಹಳೆಯದರ ಪಕ್ಕದಲ್ಲಿಟ್ಟು ನೋಡಿರಿ. ಒಂದೇ ಔಷಧವು ಬೇರೆಬೇರೆ ಬಲದ ಪಾನಕಗಳಾಗಿ ಅಂಗಡಿಗೆ ಬರುವುದುಂಟು. ಎಷ್ಟು ಮಿಲಿಲೀಟರು ಎಂಬುದರ ಜೊತೆಗೆ ಎಷ್ಟು ಮಿಲಿಗ್ರಾಂ ಎಂಬುದನ್ನೂ ವೈದ್ಯರಿಂದ ಬರೆಯಿಸಿಕೊಂಡಿದ್ದರೆ ಮೋಸವಾಗದು. ಕೂಸಿನ ತೂಕ ಏರಿದಂತೆ ಪ್ರಮಾಣವನ್ನೂ ಏರಿಸಬೇಕಾಗುವುದು. ಆದುದರಿಂದ ಪ್ರತಿ ಭೇಟಿಯಲ್ಲಿಯೂ ತೂಕ ಮಾಡಿಸಿರಿ.

ನಾಲ್ಕನೆಯದು: ಒಂದು ಹೊತ್ತಿನ ಔಷಧವು ಮರೆತುಹೋದರೆ ಏನು ಮಾಡಬೇಕು, ಕೊಟ್ಟ ಕೂಡಲೆ ಕೂಸು ಕಾರಿಕೊಂಡರೆ ಏನು ಮಾಡಬೇಕು ಎಂಬುದನ್ನು ಮೊದಲ ದಿನವೇ ವೈದ್ಯರಿಗೆ ಕೇಳಿ ಬರೆದುಕೊಳ್ಳಿರಿ. ಮರೆತ ಹೊತ್ತಿನದನ್ನೂ ಮುಂದಿನ ಹೊತ್ತಿನದನ್ನೂ ಕೂಡಿಸಿ ಇಮ್ಮಡಿಯಾಗಿ ಮಾತ್ರ ಕೊಡಬೇಡಿರಿ.

ಐದನೆಯದು: ಬಾಟಲಿಯು ಬರಿದಾಗುವ ತನಕ ಕಾಯಬೇಡಿರಿ. ಒಂದು ವಾರದ ಔಷಧವು ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರಲಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಡುವವರೂ, ತವರಿಗೆ ಹೋಗುವವರೂ ಬುತ್ತಿಯ ಗಂಟಿಗಿಂತ ಮೊದಲು ಔಷಧದ ಬಾಟಲಿಯನ್ನು ಕಟ್ಟಿಕೊಳ್ಳಲಿ. ದೇವಿಗೆ ಹರಕೆ ಹೊರುವುದು ಅವರವರ ಭಕ್ತಿಗೆ ಸೇರಿದುದು. ಹರಕೆಯೂ ನಡೆಯಲಿ, ಔಷಧವೂ ನಡೆಯಲಿ.

ಔಷಧದಿಂದ ಕೂಸು ಮೊದಲ ದಿನಗಳಲ್ಲಿ ಹೆಚ್ಚು ತೂಕಡಿಸಬಹುದು, ಇಲ್ಲವೆ ಸಿಡುಕಬಹುದು. ಇದನ್ನು ವೈದ್ಯರಿಗೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ಮೈಮೇಲೆ ದದ್ದು ಎದ್ದರೆ, ಕಣ್ಣು ಹಳದಿಯಾದರೆ, ಕಾರುವಿಕೆ ನಿಲ್ಲದಿದ್ದರೆ, ಹಾಲು ಕುಡಿಯಲೂ ಏಳದಷ್ಟು ಮಂಪರಾದರೆ ಅದೇ ದಿನ ದವಾಖಾನೆಗೆ ಹೋಗತಕ್ಕದ್ದು.

ಎಲ್ಲಕ್ಕಿಂತ ದೊಡ್ಡ ಅಪಾಯವು ಬರುವುದು ಕೂಸು ಚೆನ್ನಾಗಿರುವಾಗಲೇ. ಎರಡು ಮೂರು ತಿಂಗಳು ಸೆಳವು ಕಾಣದಿದ್ದರೆ ಹಿರಿಯರು, “ಯವ್ವಾ, ಕೂಸು ಆರಾಮ ಐತಿ, ಇನ್ಯಾಕ ಆ ಬಾಟ್ಲಿ?” ಎನ್ನುವರು. ಅವರದು ಪ್ರೀತಿಯ ಮಾತೇ. ಆದರೆ ಕೂಸು ಆರಾಮವಾಗಿರುವುದು ಆ ಬಾಟಲಿಯಿಂದಲೇ ಎಂಬುದನ್ನು ಅವರಿಗೆ ಮೆಲ್ಲನೆ ತಿಳಿಸಬೇಕು. “ಇಲ್ಲರೀ ಅತ್ತೀ, ಡಾಕ್ಟರು ಸಾಕು ಅನ್ನೂತನಕ ಬಿಡೂದಿಲ್ಲ” ಎಂದು ಸೊಸೆಯು ವಿನಯದಿಂದ ಹೇಳುವಾಗ ಗಂಡನಾದವನು ಅವಳ ಬೆನ್ನಿಗೆ ನಿಲ್ಲಬೇಕು. ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಮೊದಲಿಗಿಂತ ಉಗ್ರವಾಗಿ, ಒಂದರ ಮೇಲೊಂದು ಬಂದು ಪ್ರಾಣಕ್ಕೇ ಮುಳುವಾಗಬಹುದು. ಬಿಡುವ ಕಾಲ ಬಂದಾಗ ವೈದ್ಯರೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವರು.

ಔಷಧ ನಡೆದಿರುವಾಗಲೂ ಒಮ್ಮೊಮ್ಮೆ ಸೆಳವು ಬರಬಹುದು. ಆಗ ಕೂಸನ್ನು ಮೆತ್ತಗಿನ ಸಮನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ, ಕೊರಳ ಬಳಿಯ ಬಟ್ಟೆಯನ್ನು ಸಡಿಲಿಸಿ, ಮೊದಲು ಗಡಿಯಾರ ನೋಡಿರಿ. ಬಾಯಲ್ಲಿ ಬೆರಳು, ಚಮಚೆ, ನೀರು, ಹಾಲು, ಔಷಧ ಯಾವುದನ್ನೂ ಹಾಕಬಾರದು. ಕೈಯಲ್ಲಿ ಕಬ್ಬಿಣ ಹಿಡಿಸುವುದರಿಂದಲೂ ಮೂಗಿಗೆ ಉಳ್ಳಾಗಡ್ಡಿ ಒಡ್ಡುವುದರಿಂದಲೂ ಸೆಳವು ನಿಲ್ಲುವುದಿಲ್ಲ. ಬಹುತೇಕ ಸೆಳವುಗಳು ಒಂದೆರಡು ಮಿನಿಟುಗಳಲ್ಲಿ ತಾವಾಗಿಯೇ ನಿಲ್ಲುವುವು. ಬರೆ ಹಾಕುವುದಂತೂ ಎಳೆಯ ಮೈಗೆ ಮಾಡುವ ಘೋರವು. ಅದರಿಂದ ಹುಣ್ಣೂ ನಂಜೂ ಆಗುವುವೇ ಹೊರತು ಗುಣವಿಲ್ಲ. ಸೆಳವು ಐದು ಮಿನಿಟು ದಾಟಿದರೆ, ಒಂದರಿಂದ ಎಚ್ಚರವಾಗುವ ಮುನ್ನವೇ ಇನ್ನೊಂದು ಬಂದರೆ, ಸೆಳವು ನಿಂತ ಮೇಲೂ ಉಸಿರಾಟವು ಸರಿಹೋಗದಿದ್ದರೆ ಅಥವಾ ಜ್ವರವೂ ಕೂಡಿದ್ದರೆ ತಡಮಾಡದೆ ೧೦೮ಕ್ಕೆ ಕರೆಮಾಡಿ ಹತ್ತಿರದ ದವಾಖಾನೆಗೆ ಒಯ್ಯಿರಿ. ಹುನಗುಂದ, ಇಳಕಲ್ಲ ಕಡೆಯ ಹಳ್ಳಿಗಳಿಂದ ಬಾಗಲಕೋಟೆಗೆ ದಾರಿ ದೂರ. ಆದುದರಿಂದ ಮನೆಯಲ್ಲಿಯೇ ಮೂಗಿಗೆ ಬಿಡುವ ಮಿಡಜೊಲಾಮ್ ಎಂಬ ತುರ್ತಿನ ಔಷಧವನ್ನು ಇಟ್ಟುಕೊಳ್ಳಬಹುದೇ, ಎಷ್ಟು ಬಿಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಕಲಿತಿರುವುದು ಒಳ್ಳೆಯದು.

ನಮ್ಮ ಮನೆಗಳ ಪದ್ಧತಿಗಳಲ್ಲಿ ಎರಡನ್ನು ಇಲ್ಲಿ ಎತ್ತಿ ಹೇಳಬೇಕಾಗಿದೆ. ಮೊದಲನೆಯದು ಕೂಸಿಗೆ ಎರೆಯುವ ಬಿಸಿನೀರು. ತಲೆಯ ಮೇಲೆ ಸುಡುಸುಡು ನೀರನ್ನು ಒಂದೇಸಮನೆ ತಂಬಿಗೆಯಿಂದ ಸುರಿದುಕೊಳ್ಳುವುದರಿಂದಲೇ ಬರುವ ಒಂದು ಬಗೆಯ ಅಪಸ್ಮಾರವುಂಟು. ಲೋಕದ ಬೇರೆಡೆಗಳಲ್ಲಿ ವಿರಳವಾದ ಇದು ನಮ್ಮ ಕರ್ನಾಟಕದ ದಕ್ಷಿಣ ಭಾಗದಲ್ಲಿ ಹೆಚ್ಚಾಗಿ ಕಂಡುದರಿಂದ, ಬೆಂಗಳೂರಿನ ಡಾಕ್ಟರ್ ಕೆ. ಎಸ್. ಮಣಿಯವರು ೧೯೬೦ರ ದಶಕದಿಂದ ಇದನ್ನು ಅಭ್ಯಸಿಸಿ ಬರೆದರು. ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಆ ಕೆಲಸವನ್ನು ಮುಂದುವರಿಸಿದರು. ಎಲ್ಲ ಕೂಸುಗಳ ಬೇನೆಗೂ ಸ್ನಾನವೇ ಕಾರಣವೆಂದು ಇದರ ಅರ್ಥವಲ್ಲ. ಆದರೆ ಎರೆಯುವ ಹೊತ್ತಿನಲ್ಲಿಯೇ ಕೂಸು ಬೆಪ್ಪಾಗಿ ನೋಡಿದರೆ ಅಥವಾ ಸೆಟೆದರೆ ಅದನ್ನು ವೈದ್ಯರಿಗೆ ಹೇಳತಕ್ಕದ್ದು. ಎರೆಯುವ ಮುದುಕಿಗೆ, ನೀರು ಉಗುರುಬೆಚ್ಚಗಿರಲಿ, ಮೊಣಕೈಯಿಂದ ಮುಟ್ಟಿ ನೋಡಲಿ, ತಲೆಗೆ ಧಾರೆಯಾಗಿ ಸುರಿಯದಿರಲಿ ಎಂದು ತಿಳಿಸಿರಿ. ಎರಡನೆಯದು ಕರ್ಪೂರ. ಇದು ಹೊಟ್ಟೆಗೆ ಹೋದರೂ, ಎಣ್ಣೆಯಲ್ಲಿ ಕಲಸಿ ಎಳೆಯ ಮೈಗೆ ಹೆಚ್ಚಾಗಿ ತಿಕ್ಕಿದರೂ ಸೆಳವನ್ನು ಎಬ್ಬಿಸಬಲ್ಲದು. ನೆಗಡಿಗೆಂದು ಹಚ್ಚುವ ಕರ್ಪೂರದ ಮುಲಾಮುಗಳೂ ಇಂಥ ಕೂಸಿಗೆ ಸಲ್ಲವು. ಹಾಗೆಯೇ ಹೆಸರಿಲ್ಲದ ಪುಡಿಗಳನ್ನು, ಅವುಗಳಲ್ಲಿ ಏನಿದೆಯೆಂಬುದು ತಿಳಿಯದೆ, ನೆಕ್ಕಿಸಬಾರದು. ಲಸಿಕೆಗಳನ್ನು ಮಾತ್ರ ತಾವಾಗಿ ತಪ್ಪಿಸಬೇಡಿರಿ. ಬೇನೆಯ ವಿಷಯವನ್ನು ಮೊದಲೇ ತಿಳಿಸಿ ವೈದ್ಯರ ಮಾತಿನಂತೆ ಹಾಕಿಸಿರಿ. ಎದೆಹಾಲನ್ನು ನಿಲ್ಲಿಸಬೇಕಾದುದೂ ಇಲ್ಲ.

ಚಿಕಿತ್ಸೆಗೆ ಎಲ್ಲರೂ ಬೆಂಗಳೂರಿಗೇ ಓಡಬೇಕೆಂದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಅದೇ ಊರಿನಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯದ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಿದೆ. ಹೆಚ್ಚಿನ ತಜ್ಞರು ಬೇಕಾದಾಗ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ವಿದ್ಯಾಲಯವೂ, ಧಾರವಾಡದ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆಯೂ ಉಂಟು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಸೆಳವಿನ ಬೇನೆಯೂ ಸೇರಿದೆ. ಅಂಗನವಾಡಿಗೆ ಬರುವ ಆ ತಂಡದವರಿಗೆ ತೋರಿಸಿದರೆ ಮುಂದಿನ ದಾರಿ ಹೇಳುವರು.

ಇದು ತಮ್ಮ ಮನೆಗೆ ಮಾತ್ರ ಬಂದ ಕಷ್ಟವೆಂದು ತಿಳಿದು ಕೂಸನ್ನು ಅಡಗಿಸಿಡುವವರಿಗೆ ಒಂದು ಮಾತು. ನಿಮ್ಹಾನ್ಸಿನ ವೈದ್ಯರು ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ವಿಚಾರಿಸಿ ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಾವಿರಕ್ಕೆ ಸುಮಾರು ಒಂಬತ್ತು ಮಂದಿಗೆ ಅಪಸ್ಮಾರವಿದ್ದಿತು. ಹಳ್ಳಿಗಳಲ್ಲಿ ಆ ಪ್ರಮಾಣವು ನಗರದ ಎರಡರಷ್ಟಿತ್ತು. ಅಂದಮೇಲೆ ದೊಡ್ಡ ಊರಿನಲ್ಲಿ ಇಂಥ ಮನೆಗಳು ಹಲವು ಇದ್ದೇ ಇರುವುವು; ಬಾಯಿಬಿಟ್ಟು ಹೇಳುವವರು ಕಡಿಮೆ, ಅಷ್ಟೆ. ಹೆಣ್ಣುಕೂಸಾದರೆ ಮುಂದೆ ಮದುವೆಯ ಗತಿಯೇನೆಂದು ತೊಟ್ಟಿಲ ಬಳಿಯೇ ಅಳುವವರುಂಟು. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಎಣಿಸಿದ್ದುದನ್ನು ೧೯೯೯ರಲ್ಲಿ ತೆಗೆದುಹಾಕಲಾಯಿತು. ಕಾಯಿದೆಯೇ ಬಿಟ್ಟುಕೊಟ್ಟ ಕಳಂಕವನ್ನು ಮನೆಯವರು ಹಿಡಿದುಕೊಳ್ಳುವುದೇಕೆ?

ಫಲವೇನಾದೀತೆಂದು ಕೇಳುವಿರಿ. ಸರಿಯಾದ ಚಿಕಿತ್ಸೆ ದೊರೆತರೆ ಅಪಸ್ಮಾರವುಳ್ಳವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಚಾಮರಾಜನಗರ ಸೀಮೆಯ ಯಳಂದೂರಿನ ಹಳ್ಳಿಗಳಲ್ಲಿ ಡಾಕ್ಟರ್ ಮಣಿಯವರೂ ಅವರ ಸಂಗಡಿಗರೂ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಔಷಧಗಳನ್ನೇ ಕೊಟ್ಟು, ಬಡವರ ಮನೆಯಲ್ಲಿಯೂ ಈ ಬೇನೆಯನ್ನು ಹತೋಟಿಗೆ ತರಬಹುದೆಂದೂ, ತಪ್ಪದೆ ಔಷಧ ತೆಗೆದುಕೊಂಡವರಿಗೇ ಹೆಚ್ಚು ಗುಣವೆಂದೂ ೨೦೦೧ರಲ್ಲಿ ಬರೆದರು. ವೆಸ್ಟನ ಅಳಲನ್ನು ಅಚ್ಚುಹಾಕಿದ ಅದೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿಯೇ ಈ ನಮ್ಮ ಹಳ್ಳಿಗಳ ವರದಿಯೂ ಅಚ್ಚಾಯಿತು. ಎಲ್ಲ ಕೂಸುಗಳೂ ಪೂರ್ಣ ಗುಣ ಹೊಂದುವುವೆಂದು ಹೇಳಿದರೆ ಸುಳ್ಳಾದೀತು. ಕೆಲವಕ್ಕೆ ಎರಡು ಮೂರು ಔಷಧಗಳು ಬೇಕಾಗುವುವು. ಕೆಲವು ಕೂಸುಗಳು ಕೂಡುವುದಕ್ಕೂ ನಡೆಯುವುದಕ್ಕೂ ಮಾತಿಗೂ ತಡಮಾಡುವುವು. ಅಂಥವುಗಳಿಗೆ ಅಂಗಸಾಧನೆಯನ್ನೂ ಆಟಪಾಠವನ್ನೂ ಬೇಗನೆ ಆರಂಭಿಸಿದಷ್ಟು ಲಾಭವುಂಟು.

ಕಡೆಯದಾಗಿ ತಾಯಿಯ ವಿಷಯ. ರಾತ್ರಿಯೆಲ್ಲ ಕೂಸಿನ ಉಸಿರನ್ನೇ ಎಣಿಸುತ್ತ ಕುಳಿತ ತಾಯಿಯು ತಿಂಗಳೊಪ್ಪತ್ತಿನಲ್ಲಿ ತಾನೇ ರೋಗಿಯಾಗುವಳು. ಔಷಧ ಅಳೆಯುವುದನ್ನೂ ಸೆಳವಿನಲ್ಲಿ ಮಾಡತಕ್ಕುದನ್ನೂ ಮನೆಯಲ್ಲಿ ಇಬ್ಬರಾದರೂ ಕಲಿತಿರಲಿ. ಒಂದು ರಾತ್ರಿ ತಂದೆ, ಒಂದು ರಾತ್ರಿ ಅಜ್ಜಿ ಎಂದು ಸರದಿ ಹಾಕಿಕೊಳ್ಳಲಿ. ನೋಡಲು ಬಂದ ಬಂಧುಗಳು “ಪಾಪ” ಎಂದು ಕಣ್ಣೀರು ಹಾಕುವುದಕ್ಕಿಂತ, ಒಂದು ಹೊತ್ತು ರೊಟ್ಟಿ ಬಡಿದುಕೊಟ್ಟು ಬಾಣಂತಿಯನ್ನು ಎರಡು ತಾಸು ಮಲಗಿಸಿದರೆ ಅದೇ ದೊಡ್ಡ ಉಪಕಾರ. ಬೇನೆಯ ಹೆಸರು ದೊಡ್ಡದಾಗಿ ಕೇಳಿಸಿದರೂ ದಿನದಿನದ ಕೆಲಸವು ಚಿಕ್ಕದೇ: ಗೊತ್ತಾದ ಹೊತ್ತಿಗೆ, ಗೊತ್ತಾದಷ್ಟು ಔಷಧ, ನಾಳೆಯೂ ಅಷ್ಟೇ. ಇಷ್ಟನ್ನು ತಪ್ಪದೆ ನಡೆಸುವ ಮನೆಯವರು ಕೂಸಿಗೆ ಮಾಡಬೇಕಾದ ಉಪಕಾರದಲ್ಲಿ ಬಹುಪಾಲನ್ನು ಮಾಡಿದಂತಾಗುವುದು.